ಬಿಪಿಯ ಆರೈಕೆ ಮನೆಯ ಹತ್ತಿರವೇ ಸಿಗಬೇಕು

ಕಳೆದ ಸಂಚಿಕೆಯಲ್ಲಿ ಅಧಿಕ ರಕ್ತದೊತ್ತಡದ ಬಗ್ಗೆ ಪ್ರಕಟವಾದ ಲೇಖನವನ್ನು ಓದಿ ಹಿರಿಯ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಬಿಪಿಯಂಥ ಕಾಯಿಲೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳ ಕೈಗೆ ಒಪ್ಪಿಸುವುದು ಅಪಾಯಕಾರಿ, ಅದನ್ನು ಹೃದ್ರೋಗ ತಜ್ಞರೇ ನೋಡಬೇಕು ಎಂಬುದು ಅವರ ಮೊದಲ ಆಕ್ಷೇಪ. ಬಹುಪಾಲು ರೋಗಿಗಳು ನಾಲ್ಕು ದಿನ ಮಾತ್ರೆ ನುಂಗಿ ಬಿಟ್ಟುಬಿಡುವ ಉದಾಸೀನರಾದ್ದರಿಂದ ಸಣ್ಣ ಕೇಂದ್ರಗಳಿಗೆ ಹಣ ಸುರಿದು ಫಲವಿಲ್ಲ ಎಂಬುದು ಎರಡನೆಯದು.

ಮಾನ್ಯರೇ, ತಾವು ಇಷ್ಟು ಆಸ್ಥೆಯಿಂದ ಓದಿ, ವಾದವನ್ನು ಅಚ್ಚುಕಟ್ಟಾಗಿ ಮುಂದಿಟ್ಟಿರುವುದು ಸಂತೋಷದ ಸಂಗತಿ. ತಜ್ಞರ ವಿಷಯದಲ್ಲಿ ತಮ್ಮ ಮಾತನ್ನು ತಳ್ಳಿಹಾಕುವಂತಿಲ್ಲ. ಮೂರು ಬಗೆಯ ಔಷಧಿಗೂ ಬಗ್ಗದ ಒತ್ತಡ, ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಒತ್ತಡ, ಮೂತ್ರಪಿಂಡದ ತೊಂದರೆಯ ಜೊತೆಗಿರುವ ಒತ್ತಡ, ಗರ್ಭಿಣಿಯರಲ್ಲಿ ಏರುವ ಒತ್ತಡ, ಇವೆಲ್ಲ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕಾದವು. ಆದರೆ ಉಳಿದವರ ಗತಿಯೇನು? ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ 30ರಿಂದ 79 ವರ್ಷದೊಳಗಿನ ಸುಮಾರು 130 ಕೋಟಿ ಜನರಿಗೆ ಈ ತೊಂದರೆಯಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ತಮಗಿದೆ ಎಂಬುದೇ ತಿಳಿದಿಲ್ಲ. ಒತ್ತಡ ಹತೋಟಿಯಲ್ಲಿರುವುದು ಐವರಲ್ಲಿ ಒಬ್ಬರಿಗೆ ಮಾತ್ರ. ಇಷ್ಟು ಜನರನ್ನು ತಿಂಗಳು ತಿಂಗಳೂ ನೋಡುವಷ್ಟು ಹೃದ್ರೋಗ ತಜ್ಞರು ಯಾವ ದೇಶದಲ್ಲೂ ಇಲ್ಲ.

ನರ್ಸ್‌ಗಳ ಮೇಲಿನ ತಮ್ಮ ಅಪನಂಬಿಕೆ ನನಗೆ ನೋವು ತಂದಿತು. ಒಮ್ಮೆ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಬೆಳಗಿನ ಪಾಳಿಯನ್ನು ನೋಡುತ್ತಾ ಕುಳಿತಿದ್ದೆ. ನಡೆದು ಬಂದು ಏದುಸಿರು ಬಿಡುತ್ತಿದ್ದ ಮಹಿಳೆಯೊಬ್ಬರನ್ನು ಅಲ್ಲಿಯ ನರ್ಸ್ ತಕ್ಷಣ ಪರೀಕ್ಷಿಸಲಿಲ್ಲ. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಲು ಹೇಳಿದರು. ತೋಳಿನ ಸುತ್ತಳತೆಗೆ ಚಿಕ್ಕದಾದ ತೋಳುಪಟ್ಟಿಯನ್ನು ತೆಗೆದಿಟ್ಟು ದೊಡ್ಡದನ್ನು ಕಟ್ಟಿದರು, ಏಕೆಂದರೆ ಚಿಕ್ಕ ಪಟ್ಟಿ ಇಲ್ಲದ ಒತ್ತಡವನ್ನು ತೋರಿಸುತ್ತದೆ. ತೋಳನ್ನು ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಿಸಿ, ಅಳೆಯುವಾಗ ಮಾತಾಡಬಾರದೆಂದರು, ಎರಡು ಬಾರಿ ಅಳೆದು ಬರೆದುಕೊಂಡರು. ಗಡಿಬಿಡಿಯ ದೊಡ್ಡ ಆಸ್ಪತ್ರೆಗಳಲ್ಲಿ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಒಂದೇ ಬಾರಿ ಅಳೆದು ಚೀಟಿ ಬರೆಯುವುದನ್ನು ಕಂಡಿರುವ ನನಗೆ ಆ ನರ್ಸ್ ಅವರ ಶ್ರದ್ಧೆ ದೊಡ್ಡದಾಗಿ ಕಂಡಿತು. ಅವರು ಸೋತದ್ದು ಬೇರೆ ಕಡೆ. ಔಷಧಿಯ ಕಪಾಟಿನಲ್ಲಿ ಹತ್ತು ದಿನಕ್ಕಾಗುವಷ್ಟು ಮಾತ್ರೆ ಮಾತ್ರ ಉಳಿದಿತ್ತು. ಮುಗಿದ ಮೇಲೆ ಮತ್ತೆ ಬನ್ನಿ ಎಂದಾಗ, ಇನ್ನೊಂದು ದಿನದ ಕೂಲಿ ಬಿಟ್ಟು ಬರಬೇಕಲ್ಲ ಎಂದು ಆ ಮಹಿಳೆ ಮೆಲ್ಲಗೆ ಅಂದರು. ಆಕೆ ಮತ್ತೆ ಬಾರದೆ ಹೋದರೆ ದಾಖಲೆಯಲ್ಲಿ ‘ಚಿಕಿತ್ಸೆ ಬಿಟ್ಟವರು’ ಎಂದು ಸೇರುತ್ತದೆ. ತಾವು ಉದಾಸೀನ ಎಂದು ಕರೆದದ್ದರಲ್ಲಿ ಇಂಥದ್ದು ಎಷ್ಟಿದೆ ಎಂದು ದಯವಿಟ್ಟು ಯೋಚಿಸಿ. ನೋವಿಲ್ಲದ, ಜ್ವರವಿಲ್ಲದ ಕಾಯಿಲೆಗೆ ಜೀವನಪೂರ್ತಿ ಮಾತ್ರೆ ನುಂಗುವುದು ಯಾರಿಗೂ ಸುಲಭವಲ್ಲ. ಅದಕ್ಕಾಗಿ ಪದೇ ಪದೇ ಪಾಳಿಯಲ್ಲಿ ನಿಲ್ಲಬೇಕೆಂದರೆ ತಾವೂ ಬಿಡುತ್ತೀರಿ, ನಾನೂ ಬಿಡುತ್ತೇನೆ.

ತಜ್ಞರಲ್ಲದವರಿಂದ ಈ ಕೆಲಸ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ವರ್ಷಗಳಾದವು. ಚೀನಾದ 326 ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ, ವೈದ್ಯ ಪದವಿಯಿಲ್ಲದ ಗ್ರಾಮ ವೈದ್ಯರಿಗೆ ತರಬೇತಿ ಮತ್ತು ಸರಳವಾದ ಚಿಕಿತ್ಸಾ ಕ್ರಮವನ್ನು ಕೊಟ್ಟಾಗ, 18 ತಿಂಗಳ ಕೊನೆಗೆ ಶೇಕಡ 57ರಷ್ಟು ರೋಗಿಗಳ ಒತ್ತಡ 130/80ಕ್ಕಿಂತ ಕೆಳಗಿಳಿದಿತ್ತು; ಎಂದಿನ ಆರೈಕೆ ಪಡೆದ ಹಳ್ಳಿಗಳಲ್ಲಿ ಅದು ಶೇಕಡ 20ರ ಆಸುಪಾಸು. ಲಾಸ್ ಏಂಜಲಿಸ್‌ನಲ್ಲಿ ಔಷಧತಜ್ಞರು ಕಪ್ಪು ಜನಾಂಗದ ಗಂಡಸರ ಕ್ಷೌರದಂಗಡಿಗಳಿಗೇ ಹೋಗಿ ಚಿಕಿತ್ಸೆ ನೀಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದು ಸರಾಸರಿ 27ರಷ್ಟು ಇಳಿದಿತ್ತು, ಹೋಲಿಕೆಯ ಗುಂಪಿನಲ್ಲಿ 9ರಷ್ಟು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ, ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ ನರ್ಸ್‌ಗಳೂ ಔಷಧತಜ್ಞರೂ ಈ ಚಿಕಿತ್ಸೆ ನೀಡಬಹುದೆಂದು ಒಪ್ಪಿದೆ. ಒತ್ತಡ ಹತೋಟಿಗೆ ಬಂದವರನ್ನು ಮೂರರಿಂದ ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು ಎಂದೂ ಅದು ಹೇಳುತ್ತದೆ. ಹಾಗಿದ್ದ ಮೇಲೆ ಅಷ್ಟೂ ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಲು ಏನಡ್ಡಿ?

ಈ ಮಾತು ಬಂದಾಗಲೆಲ್ಲ ನನಗೆ ವೇಲ್ಸ್‌ನ ಗ್ಲಿನ್‌ಕೊರಗ್ ಎಂಬ ಗಣಿ ಹಳ್ಳಿಯಲ್ಲಿದ್ದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ನೆನಪಾಗುತ್ತಾರೆ. ಬಿಪಿಯಿಂದ ಬಳಲುವವರು ತಾವಾಗಿ ಬರಲಿ ಎಂದು ಅವರು ಕಾಯಲಿಲ್ಲ. ಯಾವ ಕಾರಣಕ್ಕೆ ಬಂದವರಿರಲಿ, ಬಾರದೇ ಉಳಿದವರಿರಲಿ, ಹಳ್ಳಿಯ ವಯಸ್ಕರೆಲ್ಲರ ಒತ್ತಡವನ್ನು ಅಳೆಯಲು ಹೊರಟರು. ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಬರೆದವರೂ ಅವರೇ. ಅರ್ಧ ಶತಮಾನ ಕಳೆದರೂ ಆ ಮಾತು ಹಳತಾಗದಿರುವುದು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ.

ಸಿಟ್ಟಿಗೆ ಇನ್ನೂ ಕಾರಣಗಳಿವೆ. ಹೃದಯದ ಶಸ್ತ್ರಚಿಕಿತ್ಸೆಯೊಂದು ಯಶಸ್ವಿಯಾದರೆ ಮುಖಪುಟದಲ್ಲಿ ಚಿತ್ರ ಬರುತ್ತದೆ. ವರ್ಷವಿಡೀ ಮಾತ್ರೆಯ ದಾಸ್ತಾನು ಒಂದು ದಿನವೂ ಖಾಲಿಯಾಗದಂತೆ ನೋಡಿಕೊಂಡ ಉಗ್ರಾಣದ ಗುಮಾಸ್ತರಿಗೆ ಶಹಬ್ಬಾಸ್ ಎನ್ನುವವರೂ ಇಲ್ಲ, ಅವರಿಂದ ಎಷ್ಟು ಪಾರ್ಶ್ವವಾಯುಗಳು ತಪ್ಪಿದವೆಂದು ಕೇಳುವವರೂ ಇಲ್ಲ. ಹೊಸ ಕಟ್ಟಡ, ಹೊಸ ಯಂತ್ರಗಳ ಉದ್ಘಾಟನೆಗೆ ಧಾರಾಳವಾಗಿ ಹಣ ಹೊಂದಿಸುವವರು, ಕೆಟ್ಟುಹೋದ ಬಿಪಿ ಯಂತ್ರದ ದುರಸ್ತಿಗೆ ಬಂದಾಗ ಕಡತವನ್ನು ಮೇಜಿನಿಂದ ಮೇಜಿಗೆ ಓಡಿಸುತ್ತಾರೆ. ದುಡಿಯುವ ಜನ ಕೆಲಸದಲ್ಲಿರುವ ಹೊತ್ತಿಗೆ ಕೇಂದ್ರ ತೆರೆದು, ಅವರು ಹಿಂದಿರುಗುವ ಹೊತ್ತಿಗೆ ಬೀಗ ಹಾಕಿ, ಗಂಡಸರು ತಪಾಸಣೆಗೆ ಬರುವುದಿಲ್ಲ ಎಂದು ವರದಿ ಬರೆಯುವುದೂ ನಡೆದೇ ಇದೆ. 1978ರಲ್ಲಿ ಈಗಿನ ಕಝಾಕಿಸ್ತಾನದ ಆಲ್ಮಾ ಅಟಾದಲ್ಲಿ, ಮತ್ತೆ 2018ರಲ್ಲಿ ಅದೇ ದೇಶದ ಅಸ್ತಾನಾದಲ್ಲಿ ನಡೆದ ಆರೋಗ್ಯ ಸಮ್ಮೇಳನಗಳಲ್ಲಿ, ಪ್ರಾಥಮಿಕ ಆರೋಗ್ಯ ಸೇವೆಯೇ ಬುನಾದಿ ಎಂದು ಸರ್ಕಾರಗಳು ಘೋಷಿಸಿದ್ದವು. ಘೋಷಣೆಗೆ ತಕ್ಕ ಹಣವನ್ನು ಕೊಡುವಾಗ ಮಾತ್ರ ಕೈ ಹಿಂದಾಗುತ್ತದೆ.

ತಮ್ಮಂಥ ವಿಚಾರವಂತರು ಈ ಸಿಟ್ಟಿನಲ್ಲಿ ಪಾಲುಗೊಳ್ಳಬೇಕೆಂಬುದು ನನ್ನ ಆಸೆ. ತಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ, ತೋಳುಪಟ್ಟಿ ಎಷ್ಟು ಅಳತೆಗಳಲ್ಲಿ ಇವೆ, ಬಿಪಿ ಮಾತ್ರೆ ಕಳೆದ ಬಾರಿ ಖಾಲಿಯಾದದ್ದು ಯಾವಾಗ, ಒಮ್ಮೆಗೆ ಎಷ್ಟು ದಿನದ್ದು ಕೊಡುತ್ತಾರೆ ಎಂದು ವಿಚಾರಿಸಿ ಬರೆಯಿರಿ. ಆ ಪತ್ರ ಎಷ್ಟೇ ದೀರ್ಘವಾಗಿದ್ದರೂ ಒಂದು ಸಾಲನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ