ಹಂದಿ ಹೊಡೀಲಿಕ್ಕೆ ಯಾರ ಪರ್ಮಿಷನ್? ಕಾಸರಗೋಡಿಂದ ಒಂದು ಉತ್ತರ

ತೋಟಕ್ಕೆ ಹಂದಿ ಬಂದ್ರೆ ಕೋವಿ ತೆಗೆದು ಹೊಡೀಬಾರ್ದಾ ಅಂತ ನೀವು ಕೇಳಿದ್ದು. ಹೊಡೀಬಹುದು ಮಾರಾಯ್ರೆ, ಆದ್ರೆ ಮೊದ್ಲು ಪಂಚಾಯತ್ ಪ್ರೆಸಿಡೆಂಟ್ ಹತ್ರ ಕೇಳ್ಬೇಕು. ನಗ್ಬೇಡಿ, ನಿಜ. ನಮ್ಮ ಕಾಸರಗೋಡಲ್ಲಿ ಮನೆ ಮಾತು ಕನ್ನಡ, ತುಳು, ಆದ್ರೆ ಕಾನೂನು 1956ರಿಂದ ಕೇರಳದ್ದು. 2022ರಲ್ಲಿ ಕೇರಳ ಸರ್ಕಾರ, ಕೃಷಿಗೆ ಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲಿಕ್ಕೆ ಆರ್ಡರ್ ಕೊಡುವ ಅಧಿಕಾರವನ್ನು ಪಂಚಾಯತ್ ಪ್ರೆಸಿಡೆಂಟ್, ನಗರಸಭೆ ಅಧ್ಯಕ್ಷರಿಗೆಲ್ಲ ಕೊಟ್ಟಿತು.

ಆದ್ರೆ ಆರ್ಡರ್ ಸಿಕ್ಕಿದ ಕೂಡ್ಲೇ ಯಾರು ಬೇಕಾದ್ರೂ ಹೋಗಿ ಹೊಡೀಲಿಕ್ಕೆ ಇಲ್ಲ. ಕೋವಿಗೆ ಲೈಸೆನ್ಸ್ ಇದ್ದವನೇ ಆಗ್ಬೇಕು, ವಿಷ ಇಡುವ ಹಾಗಿಲ್ಲ, ತೋಟೆ (ಸಿಡಿಮದ್ದು) ಇಡುವ ಹಾಗಿಲ್ಲ, ಬೇಲಿಗೆ ಲೈನಿನ ಕರೆಂಟ್ ಕೊಟ್ರೆ ಹಂದಿಗಿಂತ ಮೊದ್ಲು ನಾವೇ ಕೇಸಲ್ಲಿ ಬೀಳ್ತೇವೆ, ಸತ್ತ ಹಂದಿಯನ್ನು ಹೂಳ್ಬೇಕು, ಪಾಲು ಮಾಡಿ ತಿಂದ್ರೆ ಅದೂ ಕೇಸೇ ಆಗ್ತದೆ. ನಿಜವಾದ ತೊಂದ್ರೆ ಇರುವುದು ಕೋವಿಯಲ್ಲಿ. ನಮ್ಮ ಕಡೆ ಲೈಸೆನ್ಸ್ ಇರುವವ್ರು ಹೆಚ್ಚಿನವ್ರು ಅಜ್ಜಂದಿರು, ರಾತ್ರಿ ಎರಡು ಗಂಟೆಗೆ ಅವ್ರನ್ನು ಎಬ್ಬಿಸಿ ಗುಡ್ಡೆ ಹತ್ತಿಸ್ಲಿಕ್ಕೆ ಆಗ್ತದಾ? ಮಕ್ಳು ಗಲ್ಫಲ್ಲಿ ಅಥವಾ ಮಂಗಳೂರಲ್ಲಿ. ಎಲೆಕ್ಷನ್ ಬಂತು ಅಂದ್ರೆ ಆ ಕೋವಿಯನ್ನೂ ಸ್ಟೇಷನ್ನಿಗೆ ಕೊಟ್ಟು ಬರ್ಬೇಕು, ಹಂದಿಗೆ ನೀತಿ ಸಂಹಿತೆ ಇಲ್ಲ. ಇದಕ್ಕೇ ಕೇರಳದವ್ರು ಹಂದಿಯನ್ನು ಉಪದ್ರವಿ ಪ್ರಾಣಿ (ಅಂದ್ರೆ ಪರ್ಮಿಷನ್ ಇಲ್ಲದೆ ಕೊಲ್ಬಹುದಾದ ಪ್ರಾಣಿ) ಅಂತ ಘೋಷಿಸಿ ಅಂತ ಕೇಂದ್ರಕ್ಕೆ ಕೇಳಿದ್ದು, ಕೇಂದ್ರ ಒಪ್ಲಿಲ್ಲ.

ಮಂಗ, ನವಿಲಿನ ವಿಷಯ ಕೇಳ್ಲೇಬೇಡಿ. ಮಂಗಗಳು ಬೊಂಡ (ಎಳನೀರು) ತೂತು ಮಾಡಿ ಬಿಸಾಡ್ತವೆ, ನಾವು ಪಟಾಕಿ ಹಿಡ್ಕೊಂಡು ಕೂತ್ಕೊಳ್ಳುದು, ಅಷ್ಟೇ.

ದನದ್ದು ಇನ್ನೊಂದು ಕಥೆ. ಕರ್ನಾಟಕದಲ್ಲಿ 2021ರಿಂದ ಜಾನುವಾರು ಹತ್ಯೆ ತಡೆ ಕಾನೂನು ಗಟ್ಟಿಯಾಗಿದೆ, ಅಲ್ಲಿಂದ ಗಡಿ ದಾಟಿಸಿ ದನ ತರ್ಬೇಕಾದ್ರೆ ಪರ್ಮಿಟ್ ಬೇಕು. ಹಾಲಿಗೆ ಅಂತ ಒಂದು ದನ ತಂದ್ರೂ ದಾರಿಯಲ್ಲಿ ನಿಲ್ಸಿ ಕೇಳುವವ್ರು ಪೊಲೀಸ್ ಮಾತ್ರ ಅಲ್ಲ, ಹಾಗಾಗಿ ಕಾಗ್ದ ಸರಿ ಇದ್ರೂ ಪಿಕಪ್ಪಿನವ ಮೊದ್ಲು ಹತ್ತು ಸಲ ಯೋಚ್ನೆ ಮಾಡ್ತಾನೆ.

ಮತ್ತೆ ಜಾಗ ತೆಗೊಳ್ಳುವ ಪ್ಲಾನ್ ಉಂಟು ಅಂದ್ರಲ್ಲ, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಇಲ್ಲಿ ಅಳತೆ ಸೆಂಟ್ಸಲ್ಲಿ, ನೂರು ಸೆಂಟ್ಸ್ ಅಂದ್ರೆ ಒಂದು ಎಕ್ರೆ. ರೆಕಾರ್ಡಲ್ಲಿ ಪುರಯಿಡಂ (ಮನೆ, ಹಿತ್ತಿಲಿನ ಜಾಗ) ಅಂತ ಇದ್ರೆ ಮನೆ ಕಟ್ಲಿಕ್ಕೆ ಅಡ್ಡಿಲ್ಲ, ನಿಲಂ ಅಂತ ಇದ್ರೆ ಅದು ಗದ್ದೆ ಲೆಕ್ಕ, 2008ರ ಕಾನೂನು ಪ್ರಕಾರ ಮಣ್ಣು ತುಂಬಿಸುವ ಹಾಗಿಲ್ಲ. ನಲ್ವತ್ತು ವರ್ಷದಿಂದ ಕಂಗು ನೆಟ್ಟು ಅಡಿಕೆ ತೆಗೀತಾ ಇದ್ರೂ ಕಾಗ್ದದಲ್ಲಿ ನಿಲಂ ನಿಲಮೇ. ಅದು ಡೇಟಾ ಬ್ಯಾಂಕ್ ಅನ್ನುವ ಗದ್ದೆಗಳ ಪಟ್ಟಿಯಲ್ಲಿ ಬಿದ್ದಿದ್ರೆ ಮೊದ್ಲು ಫಾರ್ಮ್ 5 ಹಾಕಿ ಪಟ್ಟಿಯಿಂದ ತೆಗೆಸ್ಬೇಕು, ಕೃಷಿ ಆಫೀಸರ್ ಬಂದು ನೋಡಿ ರಿಪೋರ್ಟ್ ಕೊಡ್ಬೇಕು, ಆಮೇಲೆ ರೆಕಾರ್ಡಲ್ಲಿ ಜಾಗದ ಸ್ವಭಾವ (ನಿಲಂ ಅಂತ ಇದ್ದದ್ದು) ಬದ್ಲಿಸ್ಲಿಕ್ಕೆ ಬೇರೆ ಅರ್ಜಿ. ನನ್ನ ಪರಿಚಯದವರೊಬ್ರು ಬ್ರೋಕರ್ ಮಾತು ನಂಬಿ ಅಡ್ವಾನ್ಸ್ ಕೊಟ್ಟು ಈಗ್ಲೂ ಆಫೀಸಿಂದ ಆಫೀಸಿಗೆ ಅಲೀತಾ ಇದ್ದಾರೆ. ಮಲಯಾಳಂ ಓದ್ಲಿಕ್ಕೆ ಬರದಿದ್ರೆ ಗೊತ್ತಿರುವವ್ರನ್ನು ಕರ್ಕೊಂಡು ವಿಲೇಜ್ ಆಫೀಸಿಗೆ ಹೋಗಿ, ಆ ಒಂದು ಶಬ್ದ ನೋಡಿಸಿ, ಆಮೇಲೆ ರೇಟ್ ಮಾತಾಡಿ.