ಪೇಂಟ್ ಮಾಡ್ಸಿದ್ಮೇಲೆ ಕ್ಯಾಂಟರಿಗೆ ಸೈಡ್ ನಂಬರ್, ರಿಫ್ಲೆಕ್ಟರ್ ಟೇಪ್ ಇಲ್ಲ. ಫೈನ್ ಎಷ್ಟು ಬೀಳತ್ತೆ? ಸೀಸನ್ ಮುಗಿಯೋವರೆಗೂ ಫೈನ್ ಕಟ್ಕೊಂಡೇ ಓಡಿಸ್ಬೋದಾ?

ಎಂವಿ ಆಕ್ಟ್ (ಮೋಟಾರ್ ವಾಹನ ಕಾಯ್ದೆ) ಸೆಕ್ಷನ್ 177 ಹಾಕಿದ್ರೆ ಮೊದಲ್ನೇ ಸಲ 500, ಆಮೇಲಿಂದ 1500. ಇಷ್ಟೇನಾ ಅಂತೀರ, ನಾನೂ ಹಂಗೇ ಅಂದಿದ್ದೆ ಸಾರ್.

ನಂದು ಶಿರಾ ಕಡೆ, ಯಶವಂತಪುರ ಯಾರ್ಡಿಗೆ ಈರುಳ್ಳಿ ಲೋಡ್ ಹೊಡೀತಿದ್ದೆ. ಬಾಡಿ ತುಕ್ಕು ಹಿಡಿದಿತ್ತು ಅಂತ ಟಿಂಕರಿಂಗ್ ಪೇಂಟಿಂಗ್ ಮಾಡ್ಸಿದ್ರೆ ಪೇಂಟರ್ ಮಹಾಶಯ ಹಿಂದ್ಗಡೆ ಮನೆದೇವ್ರ ಹೆಸ್ರು ಒಂದಡಿ ಎತ್ತರಕ್ಕೆ ಬರ್ದ, ಸೈಡಲ್ಲಿದ್ದ ನಂಬರು, ಓನರ್ ಅಡ್ರೆಸ್ಸು, ತೂಕ ಎಲ್ಲಾ ಬಣ್ಣದ ಅಡಿಗೆ ಹೋಯ್ತು. ಹೈವೇಲಿ ಹಿಡಿದ್ರು, 500 ಕಟ್ಟಿದೆ, ನಂಬರ್ ವಾಪಸ್ ಬರ್ಸಿದೆ. ಅದು ದೊಡ್ಡ ವಿಷ್ಯ ಅಲ್ಲ.

ಕೆಟ್ಟಿದ್ದು ಟೇಪಲ್ಲಿ. ಕಂಪ್ನಿ ಟೇಪ್ ದುಬಾರಿ ಅಂತ ರೇಡಿಯಂ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಕೆಂಪು ಸ್ಟಿಕ್ಕರ್ ತಗೊಂಡು ಸುತ್ತಲೂ ಅಂಟಿಸ್ದೆ, ಅಂಗಡಿಯವ್ನು ‘ರಾತ್ರಿ ಹೊಳೆಯುತ್ತೆ ಬಿಡಣ್ಣ’ ಅಂದ. ಹೊಳೆಯೋದು ಲೆಕ್ಕಕ್ಕಿಲ್ಲ ಸಾರ್! ಮುಂದೆ ಬಿಳಿ, ಸೈಡಿಗೆ ಹಳದಿ, ಹಿಂದೆ ಕೆಂಪು, ಎರಡಿಂಚು ಅಗಲ, ಟೇಪಿನ ಮೈಮೇಲೇ ಏಐಎಸ್ 090 (ಇಂಥ ಟೇಪಿಗಿರೋ ಸ್ಟ್ಯಾಂಡರ್ಡ್ ನಂಬರ್) ಅಂತ ಅಚ್ಚಾಗಿರ್ಬೇಕು, ಜೊತೆಗೆ ಡೀಲರ್ ಕೊಡೋ ಸರ್ಟಿಫಿಕೇಟ್ ಬೇಕು. ನಂದು ಸೈಡಿಗೂ ಕೆಂಪು, ಅಚ್ಚೂ ಇಲ್ಲ ಏನೂ ಇಲ್ಲ. ಎಫ್‌ಸಿಗೆ, ಅಂದ್ರೆ ಗಾಡಿ ಫಿಟ್ನೆಸ್ ಸರ್ಟಿಫಿಕೇಟಿಗೆ, ಆರ್‌ಟಿಓಗೆ ಹೋದಾಗ ಇನ್ಸ್‌ಪೆಕ್ಟರು ಬಗ್ಗಿ ಒಂದು ಮೂಲೆ ಉಗುರಲ್ಲಿ ಕೆರೆದ್ರು, ಹಪ್ಪಳದ ಥರ ಎದ್ದು ಬಂತು, ರಿಜೆಕ್ಟ್. ಎಫ್‌ಸಿ ಡೇಟ್ ಬೇರೆ ಮುಗಿದಿತ್ತು, ಅದಾದ್ಮೇಲೆ ದಿನಕ್ಕೆ 50 ರೂಪಾಯಿ ಎಕ್ಸ್ಟ್ರಾ ಫೀಸು. ಎಫ್‌ಸಿ ಇಲ್ದಿರೋ ಗಾಡಿ ರಿಜಿಸ್ಟ್ರೇಷನ್ನೇ ಇಲ್ದಂಗೆ ಲೆಕ್ಕ, ರೋಡಿಗಿಳಿಸಿದ್ರೆ ಸೆಕ್ಷನ್ 192ರಲ್ಲಿ ಮೊದಲ್ನೇ ಸಲಕ್ಕೇ 2000ದಿಂದ 5000 ಫೈನು, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವ್ರ ತಕರಾರು ಬೇರೆ. ಗಾಡಿ ಶೆಡ್ಡಲ್ಲಿ ನಿಂತ್ಕೊಂಡ್ತು, ಮಂಡಿಯವ್ರು ಬೇರೆ ಗಾಡಿ ನೋಡ್ಕೊಂಡ್ರು, ಇಎಂಐ ಮಾತ್ರ ನಿಲ್ಲಲಿಲ್ಲ.

ಅದಕ್ಕೇ ಹೇಳೋದು, ಫೈನ್ ಎಷ್ಟು ಅಂತ ನೀವು ಲೆಕ್ಕ ಹಾಕ್ತಿರೋದೇ ಸರಿ ಇಲ್ಲ. ನಿಮ್ಮ ಎಫ್‌ಸಿ ಯಾವಾಗ ಮುಗಿಯುತ್ತೆ ಮೊದ್ಲು ನೋಡ್ಕೊಳಿ, ಎಂಟು ವರ್ಷ ದಾಟಿದ ಗಾಡಿ ಆದ್ರೆ ಪ್ರತಿ ವರ್ಷ ಮಾಡಿಸ್ಬೇಕು. ಇನ್ನೊಂದು, ರಾತ್ರಿ ಹೊತ್ತು ಪಂಕ್ಚರ್ ಆಗಿ ಎನ್‌ಎಚ್ 48ರಲ್ಲಿ ಸೈಡಿಗೆ ನಿಂತಾಗ ಬ್ಯಾಟರಿನೂ ಕೈ ಕೊಟ್ರೆ ಹಿಂದೆ ಬರೋ ಬಸ್ಸಿನವ್ನಿಗೆ ಕಾಣೋದು ಆ ಕೆಂಪು ಪಟ್ಟಿ ಒಂದೇ, ಪೊಲೀಸ್ರಿಗೋಸ್ಕರ ಅಂಟಿಸೋದು ಅನ್ಕೋಬೇಡಿ.

ನಾಳೆನೇ ಒರಿಜಿನಲ್ ಟೇಪ್ ತಗೊಳಿ. ಅಂಟಿಸೋ ಮುಂಚೆ ಬಾಡಿನ ಚೆನ್ನಾಗಿ ಒರೆಸಿ ಒಣಗಿಸಿ, ಧೂಳಿದ್ರೆ ಮೊದಲ್ನೇ ಮಳೆಗೇ ಬಿಟ್ಕೊಳುತ್ತೆ. ಬಿಲ್ಲು, ಸರ್ಟಿಫಿಕೇಟು ಆರ್‌ಸಿ ಜೊತೆ ಗಾಡೀಲೇ ಇಡಿ.