ಉ: ಬೆಲೆ ಹೋಲಿಸುವ ಆ್ಯಪ್‌ನಿಂದ ನಿಜಕ್ಕೂ ದುಡ್ಡು ಉಳಿಯುತ್ತಾ?

6,000 ರೂಪಾಯಿಯ ತಿಂಗಳ ದಿನಸಿಯಲ್ಲಿ 240 ಉಳಿಯುತ್ತೆ ಅಂತ ಆ್ಯಪ್ ತೋರಿಸ್ತಿದೆ, ನಂಬಬಹುದಾ ಅಂತ ಕೇಳಿದ್ದೀರಿ. ಅಷ್ಟೂ ಉಳಿಯೋದು ಅನುಮಾನ. ಆ ಲೆಕ್ಕ ಬರೀ ಸಾಮಾನಿನ ಬೆಲೆಯದ್ದು. ಪಟ್ಟಿಯನ್ನು ಮೂರು ಕಡೆ ಹಂಚಿದರೆ ಡೆಲಿವರಿ, ಹ್ಯಾಂಡ್ಲಿಂಗ್, ಸಣ್ಣ ಆರ್ಡರ್ ಶುಲ್ಕ ಮೂರು ಸಲ ಬೀಳುತ್ತೆ. ತಲಾ 35 ರೂಪಾಯಿ ಅಂದರೂ 105 ಹೋಯ್ತು.

ದೊಡ್ಡ ಮೋಸ ಇರೋದು ಅಳತೆಯಲ್ಲಿ. ಎಣ್ಣೆ ನೋಡಿ: ಒಂದು ಪ್ಯಾಕೆಟ್ 850 ಗ್ರಾಂ, 132 ರೂಪಾಯಿ, ಇನ್ನೊಂದು 1 ಲೀಟರ್, 139 ಅಂತಿಟ್ಟುಕೊಳ್ಳಿ. ಮೊದಲನೆಯದು ಅಗ್ಗ ಅನ್ನಿಸುತ್ತೆ. ಆದರೆ ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಕೆಜಿ ಲೆಕ್ಕಕ್ಕೆ ಮೊದಲನೆಯದು 155, ಎರಡನೆಯದು 153! ಸೋನಾ ಮಸೂರಿಯಲ್ಲೂ ಇದೇ ಕಥೆ: 25 ಕೆಜಿವರೆಗಿನ ಲೇಬಲ್ ಚೀಲಕ್ಕೆ 2022ರ ಜುಲೈಯಲ್ಲಿ 5% ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲಗಳು ಮಾರುಕಟ್ಟೆಗೆ ಬಂದವು. ಚೀಲಕ್ಕೆ ಚೀಲ ಹೋಲಿಸಿದರೆ ಲೆಕ್ಕ ತಪ್ಪುತ್ತೆ.

ಎಂಆರ್‌ಪಿ ಮೇಲೆ ಎಷ್ಟು ಶೇಕಡಾ ಕಡಿತ ಅನ್ನೋದನ್ನ ನೋಡಲೇಬೇಡಿ. ಪ್ಯಾಕೆಟ್ ಮೇಲಿನ ಗ್ರಾಂ ದರವೂ ಎಂಆರ್‌ಪಿಯದ್ದೇ, ನೀವು ಕೊಡುವ ಬೆಲೆಯನ್ನ ತೂಕದಿಂದ ಭಾಗಿಸಿ.

ಎಣ್ಣೆ, ತುಪ್ಪ, ಬೇಳೆ, ಡಿಟರ್ಜೆಂಟ್, ಡೈಪರ್ ಇಷ್ಟನ್ನೇ ಹೋಲಿಸಿ. ಎರಡೂ ಕಡೆ ಒಂದೇ ಪಿನ್‌ಕೋಡ್ ಹಾಕಿ, ಕೊನೆಯ ಪಾವತಿ ಪುಟದವರೆಗೂ ಹೋಗಿ, ಅಲ್ಲಿನ ಮೊತ್ತ ನೋಡಿ. ಸೊಪ್ಪು ತರಕಾರಿ ಬಿಡಿ, ಬೆಳಗಿನ ಬೆಲೆ ಸಂಜೆಗಿರಲ್ಲ. ಹಾಲಂತೂ ನಂದಿನಿ ಬೂತಲ್ಲೇ ತಗೊಳ್ಳಿ.